ಕಿರ್ಸ್ಟನ್ ಮುಂಕಳ ಹನ್ನೆರಡನೆಯ ಮಗು

ಲೈಟ್ ಹಾಕಿದವಳು ನಮ್ರತಾ. ಮೊದಲು ನೋಡಿದವಳೂ ಅವಳೇ.

“ಆಂಟಿ, ಒಂದ್ನಿಮಿಷ ಅಲ್ಲೇ ನಿಂತ್ಕೊಳ್ಳಿ. ಒಳಗೆ ಬರಬೇಡಿ.”

ಶೈಲಜಾ ನಿಲ್ಲಲಿಲ್ಲ. ನಮ್ರತಾಳ ಜೊತೆ ಶ್ರೀಲತಾ ಮನೆಯ ನವರಾತ್ರಿ ಗೊಂಬೆ ನೋಡಿಕೊಂಡು ಆಗತಾನೇ ಬಂದಿದ್ದರು. ಕೈಯಲ್ಲಿ ಅರಿಶಿನ ಕುಂಕುಮದ ಪೊಟ್ಟಣ, ರವಿಕೆ ಕಣ, ಒಂದು ಡಬ್ಬಿ ಕಡಲೆ ಉಸಲಿ. ಡಬ್ಬಿ ಕೈಜಾರಿ ಸೋಫಾದ ಮೇಲೆ ಬಿತ್ತು.

ಶ್ಯಾಂಟಿಲಿ ಊರಿನ ಆ ಮನೆಯ ಹಾಲಿನಲ್ಲಿ ಗೋಡೆಗೆ ಒರಗಿಸಿ ಏಳು ಮೆಟ್ಟಿಲು ಕಟ್ಟಿ ಸೋಮವಾರ ಗೊಂಬೆ ಕೂರಿಸಿದ್ದರು. ಇವತ್ತು ಇನ್ನೂ ಗುರುವಾರ. ಮೇಲಿನ ಮೆಟ್ಟಿಲಲ್ಲಿ ನಿಂತಿರಬೇಕಾದ ಪಟ್ಟದ ಗೊಂಬೆಗಳು — ಶೈಲಜಾ ಮದುವೆಯಲ್ಲಿ ತಾಯಿ ಕೊಟ್ಟ ರಾಜ, ರಾಣಿ — ಅಂಗಾತ ಮಲಗಿದ್ದವು. ಕಲಶ ಜಾಗ ಬಿಟ್ಟು ಸರಿದಿತ್ತು. ಅದರ ಕೆಳಗಿನ ಅಕ್ಕಿಯಲ್ಲಿ ಉದ್ದಕ್ಕೆ ಒಂದು ಗೀರು.

ಕೆಳಗಿನ ಮೂರು ಮೆಟ್ಟಿಲುಗಳಲ್ಲಿ ಡೆನ್ಮಾರ್ಕಿನ ರಾಜನ ಸಂಸಾರ. ಬಟ್ಟೆ ಮತ್ತು ಮರದ ಚೂರುಗಳಿಂದ ಶೈಲಜಾ ತಾವೇ ಮಾಡಿದ ಗೊಂಬೆಗಳು. ಅವೆಲ್ಲ ನೆಟ್ಟಗೆ ನಿಂತಿದ್ದವು. ಒಂದು ಬಿಟ್ಟು.

ಎಲ್ಲಕ್ಕಿಂತ ಚಿಕ್ಕದು. ಹನ್ನೆರಡನೆಯ ಮಗು. ಅದರ ಜಾಗ ಖಾಲಿ.

“ಯಾರು ಬಂದಿದ್ರು ಮನೆಗೆ?”

ಶೈಲಜಾ ಯಾರನ್ನು ಕೇಳಿದರೋ. ಉತ್ತರ ಬಂದದ್ದು ಮಹಡಿಯಿಂದ ಇಳಿಯುತ್ತಿದ್ದ ಡಾಕ್ಟರ್ ಕೃಷ್ಣಪ್ರಸಾದರಿಂದ. ಎಂಬತ್ತರ ಮನುಷ್ಯ, ತಲೆಗೂದಲು ಒದ್ದೆಯಾಗಿತ್ತು.

“ನಾನು ವಾಕಿಂಗ್ ಹೋಗಿದ್ದೆ. ಬಂದು ಸ್ನಾನ ಮಾಡಿದೆ. ಈ ಕಡೆ ನೋಡ್ಲೇ ಇಲ್ಲ.” ಗೊಂಬೆಗಳತ್ತ ಕಣ್ಣು ಹಾಯಿಸಿದರು. ಹತ್ತಿರ ಬರಲಿಲ್ಲ. “ಹಿತ್ತಲ ಡೆಕ್ ಬಾಗಿಲು ಲಾಕ್ ಆಗಿರಲಿಲ್ಲ ಅನ್ಸುತ್ತೆ. ಹೋಗ್ಲಿ ಬಿಡು. ಮಲಗಿಸಿ ಆಯ್ತಲ್ಲ, ಈ ವರ್ಷಕ್ಕೆ ಇಷ್ಟೇ.”

“ಇಷ್ಟೇನಾ?” ಶೈಲಜಾ ಗಂಡನ ಕಡೆ ತಿರುಗಿದರು. “ಶನಿವಾರ ಯಾರು ಬರ್ತಿದಾರೆ ಅಂತ ಮರೆತ್ರಾ?”

ಡಾಕ್ಟರು ಮತ್ತೆ ಮಹಡಿ ಹತ್ತಿದರು.

*

ಪೊಲೀಸರನ್ನು ಕರೆಯುವ ಪ್ರಶ್ನೆಯೇ ಇರಲಿಲ್ಲ. ಒಂದು ಬಟ್ಟೆ ಗೊಂಬೆ ಕಾಣುತ್ತಿಲ್ಲ ಎಂದು ಯಾರಿಗೆ ಹೇಳುವುದು? ಶೈಲಜಾ ಕರೆದದ್ದು ಊರ್ಮಿಳಾಳನ್ನು. ಮೈಸೂರಿನ ಅಪರಾಧ ವಿಭಾಗದಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದವಳು. ಈಗ ಹತ್ತಿರದ ಫೇರ್‌ಫ್ಯಾಕ್ಸಿನಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಕೆಲಸ ಬಿಟ್ಟರೂ ಸುತ್ತಲೂ ನೋಡುತ್ತ ಕೂರುವ ಅಭ್ಯಾಸ ಬಿಟ್ಟಿಲ್ಲ.

ಶುಕ್ರವಾರ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ, ಪ್ರಸಾದ ಕಟ್ಟಿಸಿಕೊಂಡು, ಅಲ್ಲಿಂದಲೇ ಬಂದಳು. ಆಕಾಶ ಮುಚ್ಚಿಕೊಂಡಿತ್ತು. ಫ್ಲೋರಿಡಾವನ್ನು ಹೊಡೆದ ಚಂಡಮಾರುತ ಕೆರೊಲಿನಾಗಳ ಮೇಲೆ ಬರುತ್ತಿದೆ, ಸಂಜೆಗೆ ಇಲ್ಲಿಗೂ ಮಳೆ ಎಂದು ಟೀವಿ ಹೇಳುತ್ತಿತ್ತು.

“ಫ್ಲೈಟ್ ಒಂದು ಕ್ಯಾನ್ಸಲ್ ಆಗದೆ ಇದ್ರೆ ಸಾಕು,” ಶೈಲಜಾ ಟೀವಿ ಆರಿಸಿದರು. “ನಮ್ರತಾ, ಊರ್ಮಿಳಾಗೆ ಕಾಫಿ ಕೊಡಮ್ಮ.”

ನಮ್ರತಾ ಆ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ಹುಡುಗಿ. ಮೈಸೂರಿನವಳೇ, ಸಾಫ್ಟ್‌ವೇರ್ ಕೆಲಸ. ಬಾಡಿಗೆಯವಳಿಗಿಂತ ಹೆಚ್ಚಾಗಿ ಮನೆಯವಳಂತಿದ್ದಳು.

“ಸಾರಿ ಆಂಟಿ, ಹಾಲಿಲ್ಲ. ಮೊನ್ನೆ ತಂದ ಕ್ಯಾನ್ ಖಾಲಿ. ಬ್ಲ್ಯಾಕ್ ಕಾಫಿ ನಡೆಯುತ್ತಾ?”

“ಬಿಸಿಯಾಗಿದ್ರೆ ಸಾಕು.” ಊರ್ಮಿಳಾ ಗೊಂಬೆಗಳ ಮುಂದೆ ನೆಲದ ಮೇಲೆಯೇ ಕುಳಿತಳು. “ಶೈಲಜಕ್ಕ, ಹೋದದ್ದು ಯಾವ ಗೊಂಬೆ? ಮೊದಲಿಂದ ಹೇಳಿ. ನನಗೆ ಡೆನ್ಮಾರ್ಕ್ ಅಂದ್ರೆ ಬಿಸ್ಕತ್ ಡಬ್ಬಿ ಬಿಟ್ರೆ ಬೇರೇನೂ ಗೊತ್ತಿಲ್ಲ.”

ಶೈಲಜಾ ನಗಲಿಲ್ಲ, ಆದರೆ ಆ ಕಥೆ ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಐವತ್ತು ದಾಟಿದ ಮೇಲೆ ಯೂನಿವರ್ಸಿಟಿಯ ಸಂಜೆ ಕ್ಲಾಸು ಸೇರಿ, ಇತಿಹಾಸದಲ್ಲಿ ಎಂ.ಎ. ಮಾಡಿದವರು. ಪ್ರಬಂಧ ಬರೆದದ್ದು ಈ ಹೆಂಗಸಿನ ಮೇಲೆಯೇ.

“ಇವಳು ಕಿರ್ಸ್ಟನ್ ಮುಂಕ್. ದೊಡ್ಡ ಮನೆತನದ ಹುಡುಗಿ, ರಾಜಮನೆತನವಲ್ಲ. ಕೀಲಿಗೊಂಚಲು ಹಿಡಿದಿದಾಳಲ್ಲ, ಅವಳು ತಾಯಿ, ಎಲೆನ್ ಮಾರ್ಸ್ವಿನ್. ಜಮೀನು, ಕೋಟೆಮನೆ ಎಲ್ಲ ಇದ್ದವಳು, ಬಲು ಜೋರು. ನಾಲ್ಕನೇ ಕ್ರಿಶ್ಚಿಯನ್ ರಾಜ ತನ್ನ ರಾಣಿ ಸತ್ತ ಮೇಲೆ ಇವಳನ್ನ ಮದುವೆಯಾದ. ಆದ್ರೆ ರಾಣಿ ಅಂತ ಮಾಡ್ಲಿಲ್ಲ. ಅದಕ್ಕೇ ನಾನು ಕಿರೀಟ ಇಟ್ಟಿಲ್ಲ.”

“ಮಕ್ಕಳು?”

“ಹನ್ನೆರಡು ಹೆತ್ತಳು ಅಂತ ಲೆಕ್ಕ. ಈ ನೀಲಿ ಲಂಗದವಳು ಲಿಯೊನೊರಾ, ಅಪ್ಪನ ಮುದ್ದು. ಅಪ್ಪ ಹೋದ ಮೇಲೆ ಇಪ್ಪತ್ತೆರಡು ವರ್ಷ ಸೆರೆಮನೆಯಲ್ಲಿ ಕೂತಳು. ಕೊನೆಯವಳು ಹುಟ್ಟೋ ಹೊತ್ತಿಗೆ ರಾಜನಿಗೆ ಹೆಂಡತಿ ಮೇಲೆ ಅನುಮಾನ. ಯಾವನೋ ಜರ್ಮನ್ ಸರದಾರನ ಹೆಸರು ಕಟ್ಟಿದ. ಮಗು ನನ್ನದಲ್ಲ ಅಂದ. ತಾಯಿಯನ್ನ ದೂರದ ಮನೆಯಲ್ಲಿ ಕಾವಲು ಹಾಕಿ ಇಟ್ಟ. ಆ ಮಗು ಡೊರೊಥಿಯಾ ಪರದೇಶದಲ್ಲಿ ಸನ್ಯಾಸಿನಿಯರ ಮಠ ಸೇರ್ತು.”

“ಕೊನೆಗಾದ್ರೂ ರಾಜ—?”

“ಸಾಯುವಾಗ ಹೆಂಡತಿಯನ್ನ ಕರೆಸಿದ ಅಂತಾರೆ. ಅವಳು ಬರೋ ಹೊತ್ತಿಗೆ ಹೋಗಿಬಿಟ್ಟಿದ್ದ.”

ಊರ್ಮಿಳಾ ಖಾಲಿ ಜಾಗವನ್ನು ನೋಡಿದಳು. “ಕಳೆದಿರೋದು ಡೊರೊಥಿಯಾ.”

“ಹೂಂ.” ಶೈಲಜಾ ಸೆರಗಿನಿಂದ ಮೆಟ್ಟಿಲಿನ ಅಂಚು ಒರೆಸಿದರು, ಅಲ್ಲಿ ಧೂಳೇನೂ ಇರಲಿಲ್ಲ. “ನಮಗಿರೋದು ಒಬ್ಬಳೇ ಮಗಳು, ನಿನಗೆ ಗೊತ್ತಲ್ಲ. ಜ್ಯೋತ್ಸ್ನಾ. ಜಾರ್ಜಿಯಾದ ಜಾನ್ಸ್ ಕ್ರೀಕಿನಲ್ಲಿ ಟೀಚರ್. ಅಲ್ಲೇ ಬ್ಯಾಂಡ್ ಕಲಿಸೋ ಮಾರ್ಕಸ್ ಅನ್ನೋ ಹುಡುಗನ್ನ ಮದುವೆಯಾದಳು. ಅವತ್ತು ಇವರು ‘ನನಗೆ ಮಗಳೇ ಇಲ್ಲ’ ಅಂದ್ರು. ಹನ್ನೊಂದು ವರ್ಷ ಆಯ್ತು. ಈ ಹೊಸ್ತಿಲು ತುಳಿದಿಲ್ಲ ಅವಳು. ಅಲ್ಲಿಗೆ ಹೋಗೋದಕ್ಕೆ ನನ್ನನ್ನೂ ಬಿಟ್ಟಿಲ್ಲ. ಇವರು ವಾಕಿಂಗ್ ಹೋದಾಗ ಅವಳು ಫೋನ್ ಮಾಡ್ತಾಳೆ, ಅಷ್ಟೇ.”

“ಈಗ ಬರೋದಕ್ಕೆ ಡಾಕ್ಟರು ಒಪ್ಪಿದ್ರಾ?”

“ಒಪ್ಪಿದೆ ಅನ್ನಲಿಲ್ಲ. ಅವಳು ಬರ್ತಾಳೆ, ಇಲ್ಲದಿದ್ರೆ ನಾನು ಹೋಗ್ತೀನಿ ಅಂದೆ. ಸುಮ್ಮನಾದ್ರು. ಇವರು ಸುಮ್ಮನಾಗೋದೇ ದೊಡ್ಡದು.” ಶೈಲಜಾ ಊರ್ಮಿಳಾಳ ಕೈ ಹಿಡಿದರು. “ಆ ಗೊಂಬೆ ಅವಳಿಗೆ ಅಂತ ಮಾಡಿದ್ದು ಕಣೇ. ನಾಳೆ ಅವಳು ಒಳಗೆ ಬಂದಾಗ ಅದು ಇಲ್ಲಿ ಎಲ್ಲರ ಜೊತೆ ನಿಂತಿರಬೇಕು. ಅದನ್ನ ನೋಡಿದ್ರೆ ನಾನು ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ಹುಡುಕಿಕೊಡು. ಕದ್ದವರ ಹೆಸರೂ ಬೇಡ ನನಗೆ.”

“ಈ ವಾರ ಫೋನ್ ಮಾಡಿದ್ಲಾ?”

“ಇಲ್ಲ. ರಜ ಹಾಕೋದಕ್ಕೆ ಮುಂಚೆ ಪೇಪರ್ ತಿದ್ದಿ ಮುಗಿಸಬೇಕು ಅಂದಿದ್ಲು. ಮಂಗಳವಾರ ಗೊಂಬೆ ಫೋಟೋ ಕಳಿಸಿದೆ. ನೋಡಿಲ್ಲ ಇನ್ನೂ. ನಾಳೆ ಬಂದೇ ಬರ್ತಾಳಲ್ಲ.”

ಊರ್ಮಿಳಾ ಕಾಫಿ ಕುಡಿದಳು. ಕಹಿಯಾಗಿತ್ತು.

*

ಹನ್ನೊಂದರ ಹೊತ್ತಿಗೆ ಶ್ರೀಲತಾ ತಾನಾಗಿಯೇ ಬಂದಳು. ಕನ್ನಡ ಸಂಘದಲ್ಲಿ ಗೊಂಬೆ ಸ್ಪರ್ಧೆ ಇತ್ತು. ಪ್ರತಿ ವರ್ಷ ಈ ಎರಡು ಮನೆಗಳ ನಡುವೆಯೇ ಪೈಪೋಟಿ.

“ನನ್ನ ಮೇಲೆ ಡೌಟ್ ಅಂತೆ? ವಾಟ್ಸ್ಯಾಪಿನಲ್ಲಿ ಆಗಲೇ ಶುರುವಾಗಿದೆ.”

“ಯಾರೂ ಹಾಗೆ ಅಂದಿಲ್ಲ. ಕೂತ್ಕೊಳಿ,” ಎಂದಳು ಊರ್ಮಿಳಾ. “ನಿನ್ನೆ ನಿಮ್ಮನೆಗೆ ಅಷ್ಟು ಜನ ಬಂದಿದ್ದಾಗ ನೀವೇ ಅರ್ಧ ಗಂಟೆ ಇರಲಿಲ್ಲವಂತೆ?”

“ವೀಳ್ಯದೆಲೆ ಮುಗಿದಿತ್ತು. ಇಂಡಿಯನ್ ಸ್ಟೋರಿಗೆ ಓಡಿದೆ. ಎಲೆ ಇಲ್ಲದೆ ತಾಂಬೂಲ ಕೊಡ್ಲಾ? ಸ್ಟೋರಿನವನನ್ನೇ ಕೇಳಿ.”

“ಇವರ ಗೊಂಬೆ ನಿಮಗೆ ಇಷ್ಟ ಇರಲಿಲ್ಲ.”

“ಇರಲಿಲ್ಲ. ಮುಖಕ್ಕೇ ಹೇಳಿದೀನಿ. ಪಟ್ಟದ ಗೊಂಬೆ ಕೆಳಗೆ ದನ ತಿನ್ನೋ ರಾಜನ್ನ ತಂದು ಕೂರಿಸಿದ್ರೆ ದೇವಿ ಮೆಚ್ಚುತ್ತಾಳಾ?”

“ನೀವೇ ತೆಗೆಯೋದಾಗಿದ್ರೆ ಯಾರನ್ನ ತೆಗೀತಿದ್ರಿ?”

ಶ್ರೀಲತಾ ಯೋಚಿಸಲೂ ಇಲ್ಲ. “ಆ ರಾಜನ್ನೇ. ಗಡ್ಡ ನೋಡಿ ಅವನದು. ಮಗೂನ ಯಾರಾದ್ರೂ ಮುಟ್ತಾರಾ?” ಮಲಗಿದ್ದ ಪಟ್ಟದ ಗೊಂಬೆಗಳತ್ತ ನೋಡಿ ಅವಳ ದನಿ ಇಳಿಯಿತು. “ಇದು ಮಾತ್ರ ಸರಿ ಕಾಣ್ತಿಲ್ಲ ಊರ್ಮಿಳಾ. ನವರಾತ್ರಿ ನಡುವೆ ಯಾರು ಮಲಗಿಸ್ತಾರೆ? ಕಲಶ ಉತ್ತರಕ್ಕೆ ಕದಲಿಸಿದಾರೆ. ವಿಸರ್ಜನೆ ಮಾಡಿದ ಹಾಗೆ. ಗೊತ್ತಿರೋರೇ ಮಾಡಿದಾರೆ.”

ಅವಳು ಹೋದ ಮೇಲೆ ಊರ್ಮಿಳಾ ಮೇಲಿನ ಮೆಟ್ಟಿಲನ್ನು ಮತ್ತೊಮ್ಮೆ ನೋಡಿದಳು. ರಾಜ, ರಾಣಿಯರ ಬೆನ್ನಡಿ ನಾಲ್ಕು ಮಡಿಕೆ ಮಾಡಿದ ಟವೆಲ್. ಪೆಟ್ಟಾಗದಂತೆ ಮೊದಲು ಟವೆಲ್ ಹಾಸಿ, ಆಮೇಲೆ ಗೊಂಬೆಗಳನ್ನು ಹಿಂದಕ್ಕೆ ನೂಕಿ ಬೀಳಿಸಿದ್ದಾರೆ. ರಾಣಿ ಸ್ವಲ್ಪ ಸೊಟ್ಟಗೆ ಬಿದ್ದಿದ್ದಳು. ಯಾರೂ ಸರಿ ಮಾಡಿರಲಿಲ್ಲ.

ಮೆಟ್ಟಿಲಿನ ಕೆಳಗೆ ಇಳಿಬಿಟ್ಟಿದ್ದ ಸೀರೆಯನ್ನೆತ್ತಿ ಕೈ ಹಾಕಿದಳು. ಮರದ ಸೌಟು ಸಿಕ್ಕಿತು. ಹಿಡಿಯ ತುದಿಯಲ್ಲಿ ಅರಿಶಿನದ ಅಕ್ಕಿಯ ಒಂದು ಕಾಳು.

“ಇದು ಇಲ್ಲಿ ಯಾಕಿದೆ?”

“ದೋಸೆ ಹಿಟ್ಟಿನ ಸೌಟು. ನಿನ್ನೆಯಿಂದ ಹುಡುಕ್ತಿದ್ದೆ,” ಎಂದಳು ನಮ್ರತಾ. ಒಂದು ಗಳಿಗೆಯಲ್ಲಿ ಅವಳಿಗೂ ಹೊಳೆಯಿತು. “ಸೌಟಿನಿಂದ ನೂಕಿದಾರೆ. ಫಿಂಗರ್‌ಪ್ರಿಂಟ್ ಬೀಳಬಾರದು ಅಂತ?”

“ಬೆರಳಚ್ಚಿಗೆ ಹೆದರೋನು ಕೈಗವಸು ಹಾಕ್ಕೊಂಡು ಬರ್ತಾನೆ. ಅಡುಗೆಮನೆಗೆ ಹೋಗಿ ಸೌಟು ಹುಡುಕಲ್ಲ.” ಊರ್ಮಿಳಾ ಖಾಲಿ ಜಾಗ ತೋರಿಸಿದಳು. “ಆ ಮಗೂನ ಮಾತ್ರ ಸೌಟಿನಿಂದ ಎತ್ತೋಕಾಗಲ್ಲ. ಅದನ್ನ ಕೈಯಲ್ಲೇ ತಗೊಂಡಿದಾನೆ. ಮಿಕ್ಕವನ್ನ ಕೈಯಲ್ಲಿ ಮುಟ್ಟಿಲ್ಲ. ಯಾಕೆ?”

ನಮ್ರತಾ ಸೌಟಿನ ಹಿಡಿಯನ್ನು ಬಗ್ಗಿ ನೋಡಿದಳು.

“ಒಂದು ಕೇಳ್ತೀನಿ, ತಪ್ಪು ತಿಳ್ಕೊಬೇಡ. ನೀನು ನಿನ್ನೆ ಹೊರಗಾಗಿದ್ಯಾ?”

ಹುಡುಗಿ ನಕ್ಕೇಬಿಟ್ಟಳು. “ಆಂಟಿ, ಅದನ್ನೆಲ್ಲ ನಾನು ನೋಡಲ್ಲ. ಶೈಲಜಾ ಆಂಟಿಗೂ ಗೊತ್ತು. ನೋಡೋಳಾಗಿದ್ರೆ ಈ ಮನೆಯಲ್ಲಿ ಬಾಡಿಗೆಗೆ ಇರೋಕಾಗ್ತಿತ್ತಾ?”

“ನಿನ್ನೆ ಶ್ರೀಲತಾ ಮನೆಯಿಂದ ಮಧ್ಯದಲ್ಲಿ ಎದ್ದು ಹೋದ್ಯಂತೆ?”

“ಆಫೀಸ್ ಕಾಲ್. ಅವರ ಡ್ರೈವ್‌ವೇನಲ್ಲೇ ಕಾರಲ್ಲಿ ಕೂತಿದ್ದೆ. ಬರೋರು ಹೋಗೋರೆಲ್ಲ ಕಿಟಕಿ ತಟ್ಟಿ ಉಸಲಿ ಆಯ್ತಾ ಅಂತ ಕೇಳಿದಾರೆ.”

ಹುಡುಗಿ ಸುಳ್ಳು ಹೇಳುತ್ತಿರಲಿಲ್ಲ. ಊರ್ಮಿಳಾ ಎದ್ದಳು.

*

ಡಾಕ್ಟರು ಮಹಡಿಯ ಸ್ಟಡಿ ರೂಮಿನಲ್ಲಿದ್ದರು. ಪುಸ್ತಕ ತೆರೆದಿತ್ತು, ಕನ್ನಡಕ ಮೇಜಿನ ಮೇಲಿತ್ತು. ಗಡ್ಡ ಬೆಳೆದಿತ್ತು. ಮೂವತ್ತು ವರ್ಷ ಹೃದಯದ ಆಪರೇಷನ್ ಮಾಡಿದ ಕೈಗಳು ತೊಡೆಯ ಮೇಲೆ ಸುಮ್ಮನೆ ಕುಳಿತಿದ್ದವು.

“ಡಾಕ್ಟ್ರೇ, ಅಮ್ಮನವರ ಪ್ರಸಾದ. ತಗೊಳಿ.”

“ಅಲ್ಲಿಡಮ್ಮ. ಆಮೇಲೆ.”

“ಕೈಯಲ್ಲೇ ತಗೊಳಿ, ಒಂದು ಚೂರು.”

“ಶುಗರ್ ಇದೆ ನನಗೆ.”

“ಬರೀ ಕುಂಕುಮ, ಹೂವು.”

ಡಾಕ್ಟರು ಕೈ ಚಾಚಲಿಲ್ಲ. “ಅಲ್ಲಿಡು ಅಂದೆನಲ್ಲ.”

ಊರ್ಮಿಳಾ ಇಟ್ಟಳು. “ದಿನಾ ನೀವೇ ಅಲ್ವಾ ಗೊಂಬೆಗೆ ದೀಪ ಹಚ್ಚೋದು?”

“ಸೋಮವಾರ ಹಚ್ಚಿದೆ. ಆಮೇಲೆ ಬೆನ್ನು ನೋವು.”

“ಬೆನ್ನು ನೋವಿನಲ್ಲೂ ವಾಕಿಂಗ್ ಹೋದ್ರಿ.”

“ನಡೆದರೆ ಬಿಡುತ್ತೆ.”

“ಆ ಡೆನ್ಮಾರ್ಕ್ ಗೊಂಬೆಗಳು ನಿಮಗೆ ಹಿಡಿಸಿರಲಿಲ್ಲ ಅಂತ ಕೇಳಿದೆ.”

“ಯಾವ ಗಂಡಸಿಗೆ ಹಿಡಿಸುತ್ತೆ? ಮಗೂನ ಹೊರಗೆ ಹಾಕಿದ ರಾಜ. ಬಂದವರಿಗೆಲ್ಲ ಕಥೆ ಹೇಳ್ತಾಳೆ, ಅವರೆಲ್ಲ ತಿರುಗಿ ನನ್ನ ನೋಡ್ತಾರೆ. ಊರವರ ಮುಂದೆ ನನ್ನನ್ನೇ ಗೊಂಬೆ ಮಾಡಿ ನಿಲ್ಲಿಸಿದಾಳೆ.” ದನಿಯಲ್ಲಿ ಸಿಟ್ಟಿರಲಿಲ್ಲ. ಹಿಂದೆಂದೋ ಬಾಯಿಪಾಠ ಮಾಡಿದ ಸಿಟ್ಟನ್ನು ಒಪ್ಪಿಸುತ್ತಿದ್ದಂತಿತ್ತು. “ಹಾಗಂತ ನಾನು ಗೊಂಬೆ ಕದೀತೀನಾ?”

ಊರ್ಮಿಳಾ ಬಾಗಿಲ ಕಡೆ ತಿರುಗಿದಳು. ಅವಳಿಗೆ ಅರ್ಥವಾಗದೆ ಉಳಿದದ್ದು ಬೇರೆ. ಈ ಮನುಷ್ಯ ಹೆದರಿರಲಿಲ್ಲ. ಸಿಕ್ಕಿಬೀಳುವವರು ಹೆದರುತ್ತಾರೆ. ಇವರು ಆಗಲೇ ಎಲ್ಲ ಮುಗಿದವರಂತಿದ್ದರು.

ಕೆಳಗಿಳಿದು, ನಮ್ರತಾಳನ್ನು ಕರೆದುಕೊಂಡು, ಡೆಕ್ ಬಾಗಿಲು ಸರಿಸಿ ಹಿತ್ತಲಿಗೆ ಹೋದಳು. ಗಾಳಿ ಎದ್ದಿತ್ತು. ಹುಲ್ಲಿನ ಆಚೆ, ಚಳಿ ಕಾಯಿಸಿಕೊಳ್ಳಲು ಕಲ್ಲು ಕಟ್ಟಿದ ಗುಂಡಿ. ಬೇಸಿಗೆಯಿಂದ ಯಾರೂ ಬಳಸಿಲ್ಲವೆಂದು ನಮ್ರತಾ ಹೇಳಿದಳು. ಆದರೆ ಬೂದಿ ಹೊಸದು.

ಊರ್ಮಿಳಾ ಬಗ್ಗಿದಳು. ಬೂದಿ ಗಟ್ಟಿಯಾಗಿತ್ತು. ಮೇಲೆ ಬೆಳ್ಳಗೆ ಒಡಕು ಒಡಕಾದ ಕೆನೆ. ಹುಳಿ ವಾಸನೆ.

“ಹಾಲು,” ಎಂದಳು ನಮ್ರತಾ, ಮೂಗು ಮುಚ್ಚಿಕೊಂಡು. “ಬೆಂಕಿ ಆರಿಸೋಕೆ ಯಾರಾದ್ರೂ ಹಾಲು ಹಾಕ್ತಾರಾ? ನಲ್ಲಿ ಇಲ್ಲೇ ಇದೆ.”

ಊರ್ಮಿಳಾ ಒಂದು ಕಡ್ಡಿಯಿಂದ ಕೆದಕಿದಳು. ಸುಟ್ಟ ಮರದ ಚೂರು, ಹೆಬ್ಬೆರಳಷ್ಟು. ಅದಕ್ಕೆ ಅಂಟಿಕೊಂಡ ಜರಿಯ ಎಳೆ.

ಊರ್ಮಿಳಾ ಎದ್ದಾಗ ಅವಳ ಮುಖ ನೋಡಿ ನಮ್ರತಾ ಒಂದು ಹೆಜ್ಜೆ ಹಿಂದೆ ಸರಿದಳು.

“ನಮ್ರತಾ, ಜ್ಯೋತ್ಸ್ನಾ ಕೆಲಸ ಮಾಡೋ ಸ್ಕೂಲಿನ ನಂಬರ್ ಹುಡುಕು. ಇಲ್ಲಿಂದಲೇ ಫೋನ್ ಮಾಡು. ಸ್ಪೀಕರ್ ಬೇಡ.”

“ಏನಂತ ಕೇಳ್ಲಿ?”

“ಜ್ಯೋತ್ಸ್ನಾ ಜೊತೆ ಮಾತಾಡಬೇಕು ಅನ್ನು. ಅಷ್ಟೇ.”

ನಮ್ರತಾ ಕೇಳಿದಳು. ಅವಳು “ಹಲೋ, ಹಲೋ” ಎಂದಳು. ಆಮೇಲೆ ಕೇಳಿಸಿಕೊಂಡಳು. ತನ್ನ ನಂಬರ್ ಕೊಟ್ಟು, ಮಾರ್ಕಸ್‌ಗೆ ತಿಳಿಸಿ ಎಂದು ಹೇಳುವಾಗ ಅವಳ ಇಂಗ್ಲಿಷ್ ತೊದಲುತ್ತಿತ್ತು. ಫೋನ್ ಇಟ್ಟು ಹುಲ್ಲಿನ ಮೇಲೆ ಕುಕ್ಕರಿಸಿದಳು.

*

ಡಾಕ್ಟರನ್ನು ಕೆಳಗೆ ಕರೆದದ್ದು ಊರ್ಮಿಳಾ. ಬಂದು ಬಾಗಿಲಲ್ಲೇ ನಿಂತರು, ಗೊಂಬೆಗಳಿಂದ ದೂರ.

“ನೀವೇ ಹೇಳ್ತೀರಾ ಡಾಕ್ಟ್ರೇ? ನಾನು ಹೇಳ್ಲಾ?”

ಅವರು ನೆಲ ನೋಡಿದರು.

“ಏನು ಹೇಳೋದು?” ಶೈಲಜಾ ಅಡುಗೆಮನೆಯಿಂದ ಕೈ ಒರೆಸುತ್ತ ಬಂದರು. ನಾಳೆಗೆಂದು ಹೋಳಿಗೆಯ ಬೇಳೆ ಬೇಯಿಸುತ್ತಿದ್ದರು. “ಸಿಕ್ತಾ?”

“ಗೊಂಬೆ ತೆಗೆದವರು ಡಾಕ್ಟರೇ, ಶೈಲಜಕ್ಕ.”

“ಅದು ನಿನ್ನೆಯೇ ನನ್ನ ಮನಸ್ಸಿಗೆ ಬಂತು,” ಶೈಲಜಾ ಶಾಂತವಾಗಿ ಹೇಳಿದರು. “ಅವರ ಮಾನಕ್ಕೆ ಕುಂದು ಅಂತ ತೆಗೆದಿಟ್ಟಿದಾರೆ. ಕೊಡಿಸಿಬಿಡು. ಜಗಳ ಆಡಲ್ಲ ನಾನು.”

“ಮಾನಕ್ಕೆ ತೆಗೆದಿದ್ರೆ ಆ ಮಗೂನ ಮಾತ್ರ ತೆಗೀತಿದ್ರು. ನಿಮ್ಮ ತಾಯಿ ಕೊಟ್ಟ ಪಟ್ಟದ ಗೊಂಬೆ ಯಾಕೆ ಮಲಗಿಸಿದ್ರು? ಕಲಶ ಯಾಕೆ ಕದಲಿಸಿದ್ರು? ಮನೆಯಲ್ಲಿ ಪೂಜೆ ನಿಲ್ಲಬೇಕಿತ್ತು, ಅದಕ್ಕೆ. ಯಾಕೆ ಅಂತ ಬಾಯಿಬಿಟ್ಟು ಹೇಳೋ ಹಾಗಿರಲಿಲ್ಲ. ಕಳ್ಳ ಬಂದ ಅಂತ ಆದ್ರೆ ಪೂಜೆ ತಾನಾಗೇ ನಿಲ್ಲುತ್ತೆ.”

“ಪೂಜೆ ಯಾಕೆ ನಿಲ್ಲಬೇಕು?”

ಊರ್ಮಿಳಾ ಸೌಟನ್ನು ಮೇಜಿನ ಮೇಲಿಟ್ಟಳು. “ಗೊಂಬೆ ಮೆಟ್ಟಿಲಿನ ಕೆಳಗೆ ಸಿಕ್ತು ಇದು. ಕಲಶಾನ ಇದರಿಂದ ನೂಕಿದಾರೆ. ಪಟ್ಟದ ಗೊಂಬೆ ಹಿಂದೆ ಟವೆಲ್ ಹಾಸಿ, ಇದರಿಂದಲೇ ಬೀಳಿಸಿದಾರೆ. ರಾಣಿ ಸೊಟ್ಟಗೆ ಬಿದ್ರೂ ಸರಿ ಮಾಡಿಲ್ಲ. ಕೈಯಲ್ಲಿ ಮುಟ್ಟಿಲ್ಲ. ಬೆರಳಚ್ಚಿನ ಹೆದರಿಕೆ ಅಲ್ಲ. ಮುಟ್ಟಬಾರದ ಸ್ಥಿತಿಯಲ್ಲಿದ್ರು. ಮಂಗಳವಾರದಿಂದ ದೀಪ ಹಚ್ಚಿಲ್ಲ. ಗಡ್ಡ ತೆಗೆದಿಲ್ಲ. ಇವತ್ತು ನಾನು ಕೊಟ್ಟ ಕುಂಕುಮ ಕೂಡ ಕೈಗೆ ತಗೊಳ್ಳಲಿಲ್ಲ. ನಿನ್ನೆ ಸಂಜೆ, ಹಿತ್ತಲಲ್ಲಿ—”

“ನಿಲ್ಲಿಸು,” ಎಂದರು ಶೈಲಜಾ.

ಕುಕ್ಕರ್ ಕೂಗಿತು. ಯಾರೂ ಹೋಗಲಿಲ್ಲ.

“ಸೂತಕ,” ಎಂದರು. ಗಂಡನನ್ನು ನೋಡಿದರು. “ನಿಮ್ಮಣ್ಣ ಹೋದಾಗ ನನಗೆ ಹೇಳಿದ್ರಿ. ನಿಮ್ಮ ತಂಗಿ ಹೋದಾಗ ಹೇಳಿದ್ರಿ. ಈಗ ಹೇಳೋಕಾಗದೆ ಇರೋ ಅಂಥದ್ದು... ಯಾರು?”

ಶೈಲಜಾ ಒಂದು ಹೆಜ್ಜೆ ಮುಂದೆ ಬಂದರು.

“ಯಾರು ರೀ?”

“ಮಂಗಳವಾರ,” ಎಂದರು ಡಾಕ್ಟರು. “ಸ್ಕೂಲಿಗೆ ಹೋಗ್ತಾ. ಟ್ರಕ್. ಆ ಹುಡುಗ ಮನೆ ಫೋನಿಗೆ ಮಾಡಿದ. ನೀನು ಬಚ್ಚಲಲ್ಲಿದ್ದೆ. ನಾನು ತಗೊಂಡೆ.”

ಶೈಲಜಾ ನಿಂತೇ ಇದ್ದರು. ನಮ್ರತಾ ಬಂದು ಅವರ ಬೆನ್ನಿಗೆ ಕೈ ಕೊಟ್ಟಳು. ಕೈ ಕೊಟ್ಟದ್ದು ಅವರಿಗೆ ತಿಳಿದಂತೆ ಕಾಣಲಿಲ್ಲ.

“ಇವತ್ತು ಶುಕ್ರವಾರ,” ಎಂದರು.

“ನಿನ್ನ ಹಾರ್ಟ್ ಇರೋ ಸ್ಥಿತಿಯಲ್ಲಿ... ಹಬ್ಬ ಮುಗೀಲಿ ಅಂತ.”

“ಅದು ಅರ್ಧ,” ಎಂದಳು ಊರ್ಮಿಳಾ. “ಇನ್ನರ್ಧ ಹೇಳಿ. ಶನಿವಾರ ಬರುತ್ತೆ, ಅವಳು ಬರಲ್ಲ, ಅಂತ ನಿಮಗೆ ಗೊತ್ತಿತ್ತು. ಹಬ್ಬ ಮುಗಿಯೋವರೆಗೆ ಮುಚ್ಚಿಡೋಕೆ ಆಗ್ತಿರಲಿಲ್ಲ.”

ಡಾಕ್ಟರು ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಹೇಳಿದ್ರೆ ಇವಳು ಹೊರಡ್ತಿದ್ಲು. ನಾನೂ ಹೋಗಬೇಕಾಗ್ತಿತ್ತು. ಹನ್ನೊಂದು ವರ್ಷ ಇಲ್ಲ ಅಂದವನು ಅಲ್ಲಿ ಹೋಗಿ ಯಾರು ಅಂತ ನಿಲ್ಲಲಿ? ಅವನು ಕೇಳಿದ, ನೀವಿಬ್ಬರೂ ಬರ್ತೀರಾ, ಕಾಯ್ತೀವಿ ಅಂತ. ತಾಯಿಗೆ ಹುಷಾರಿಲ್ಲ, ಬರೋಕಾಗಲ್ಲ, ಮುಗಿಸಿಬಿಡಿ ಅಂದೆ. ಆಮೇಲೆ ಬೂದಿ ಸ್ವಲ್ಪ ಕಳಿಸ್ಲಾ ಅಂತ ಕೇಳಿದ.” ನಿಲ್ಲಿಸಿದರು. “ಬೇಡ ಅಂದೆ.”

“ಗೊಂಬೆ?” ಶೈಲಜಾ ಕೇಳಿದರು. “ನನ್ನ ಗೊಂಬೆ ಎಲ್ಲಿ?”

“ನಿನ್ನೆ ಅಲ್ಲಿ ದಹನ. ಅದೇ ಹೊತ್ತಿಗೆ ನಾನಿಲ್ಲಿ...” ಹಿತ್ತಲ ಕಡೆ ಕೈ ತೋರಿಸಿದರು. “ಚಿತೆ ಆರಿಸೋ ಹಾಗೆ ಹಾಲೂ ಬಿಟ್ಟೆ. ಏನೂ ಮಾಡದೆ ಹೇಗಿರಲಿ? ತಂದೆ ಅಲ್ವಾ ನಾನು?”

ಹನ್ನೊಂದು ವರ್ಷದಲ್ಲಿ ಆ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು. ಕೇಳಬೇಕಾದವಳು ಇರಲಿಲ್ಲ.

“ಇನ್ನೊಂದು ಇದೆ ಡಾಕ್ಟ್ರೇ,” ಊರ್ಮಿಳಾ ಮೆಲ್ಲಗೆ ಹೇಳಿದಳು. ಹೇಳದೆ ಬಿಡಬಹುದಿತ್ತು; ಆದರೆ ಶೈಲಜಾ ಅವಳನ್ನೇ ನೋಡುತ್ತಿದ್ದರು. “ಮದುವೆಯಾದ ಮಗಳು ಹೋದ್ರೆ ತಂದೆ ತಾಯಿಗೆ ಸೂತಕ ಮೂರೇ ದಿನ. ಮಂಗಳವಾರದಿಂದ ಹಿಡಿದ್ರೆ ನಿನ್ನೆಗೆ ಮುಗೀತು. ಇವತ್ತು ನೀವು ಪ್ರಸಾದ ಮುಟ್ಟಬಹುದಿತ್ತು. ಮುಟ್ಟಲಿಲ್ಲ. ನೀವು ಹಿಡಿದಿರೋದು ಹತ್ತು ದಿನ. ಮದುವೆಯಾಗದ ಮಗಳ ಲೆಕ್ಕ.”

ಡಾಕ್ಟರು ಇಲ್ಲವೆನ್ನಲಿಲ್ಲ.

“ಸತ್ತ ಮೇಲೂ ಆ ಮದುವೆ ಒಪ್ಪಲಿಲ್ಲ,” ಎಂದರು ಶೈಲಜಾ. ಅವರ ದನಿ ಏರಲಿಲ್ಲ. “ನಾನು ಹೋಗಬಹುದಿತ್ತು. ನಮ್ರತಾ ಡ್ರೈವ್ ಮಾಡ್ತಿದ್ಲು. ಒಂದು ಹಗಲಿನ ದಾರಿ. ಮುಖ ನೋಡಬಹುದಿತ್ತು. ಮಂಗಳವಾರ ನಾನು ಫೋಟೋ ಕಳಿಸ್ತಾ ಇದ್ದೆ ರೀ. ಅವಳಿಗೆ. ನೀವು ಎದುರಿಗೇ ಕೂತಿದ್ರಿ. ಚೆನ್ನಾಗಿ ಬಂದಿದ್ಯಾ ಅಂತ ನಿಮಗೇ ತೋರಿಸಿದೆ. ಚೆನ್ನಾಗಿದೆ ಅಂದ್ರಿ.”

ಡಾಕ್ಟರು ಮುಖ ಮುಚ್ಚಿಕೊಂಡರು. “ಶೈಲೂ...”

“ಮೇಲೆ ಹೋಗಿ,” ಎಂದರು ಶೈಲಜಾ. “ನಿಮ್ಮ ಹತ್ತು ದಿನ ನೀವು ಕೂತ್ಕೊಳಿ. ನಾನು ಕೇಳಿದ್ದು ಇವತ್ತು. ನನ್ನದು ಇವತ್ತಿಂದ.”

ಅವರು ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ಬಾಗಿಲಲ್ಲೇ ಉಳಿದರು.

ನಮ್ರತಾಳ ಫೋನ್ ಅದುರಿತು. ಜಾರ್ಜಿಯಾದ ನಂಬರ್. ಅವಳು ಊರ್ಮಿಳಾಳನ್ನು ನೋಡಿದಳು. ಶೈಲಜಾ ಕೈ ಚಾಚಿ ಫೋನ್ ತಗೊಂಡರು.

ಮಾರ್ಕಸ್‌ನ ದನಿಯನ್ನು ಅವರು ಕೇಳುತ್ತಿದ್ದದ್ದು ಅದೇ ಮೊದಲು. ಅವನು ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿದ. ನೀವು ಆಸ್ಪತ್ರೆಯಲ್ಲಿದ್ದೀರಿ ಎಂದುಕೊಂಡಿದ್ದೆ, ಎಂದ. ಇವತ್ತು ಬೆಳಿಗ್ಗೆ ಅವಳನ್ನು ನದಿಗೆ ಬಿಟ್ಟು ಬಂದೆವು, ಮಳೆ ಶುರುವಾಗುವ ಮುಂಚೆ, ಎಂದ. ನಿಮ್ಮ ಕಡೆಯಿಂದ ಯಾರಿಗೂ ಬೇಡ ಅಂದರು, ಅದಕ್ಕೆ ಎಲ್ಲವನ್ನೂ ಬಿಟ್ಟೆವು. ನಾನು ಸ್ವಲ್ಪ ಇಟ್ಟುಕೊಳ್ಳಬೇಕಿತ್ತು. ಕ್ಷಮಿಸಿ.

ಶೈಲಜಾ ಸೋಫಾದ ಅಂಚಿನಲ್ಲಿ ಕುಳಿತರು. ಕೇಳಬೇಕಾದ ಎಷ್ಟೋ ಪ್ರಶ್ನೆಗಳಿದ್ದವು. ಟ್ರಕ್ಕು, ರಸ್ತೆ, ನೋವಾಯಿತೇ, ಯಾರು ಹತ್ತಿರವಿದ್ದರು. ಅವರು ಒಂದನ್ನೇ ಕೇಳಿದರು. ಅವತ್ತು ಬೆಳಿಗ್ಗೆ ಮನೆ ಬಿಡುವ ಮುಂಚೆ ಅವಳು ಏನು ತಿಂದಿದ್ದಳು?

ಅವನ ದನಿ ಒಡೆಯಿತು. ನೆನಪಾಗುತ್ತಿಲ್ಲ, ಎಂದ. ನನಗೆ ನಿಜವಾಗಿಯೂ ನೆನಪಾಗುತ್ತಿಲ್ಲ.

“ನೆನಪು ಮಾಡ್ಕೊಳ್ಳಪ್ಪ,” ಎಂದರು ಶೈಲಜಾ, ಕನ್ನಡದಲ್ಲಿ. ಅವನಿಗೆ ಒಂದು ಮಾತೂ ಅರ್ಥವಾಗದೆಂದು ಅವರಿಗೆ ಹೊಳೆದಂತಿರಲಿಲ್ಲ. “ನಿಧಾನವಾಗಿ ನೆನಪು ಮಾಡ್ಕೋ. ನನಗೇನೂ ಅವಸರ ಇಲ್ಲ. ನಾನಿಲ್ಲೇ ಇದೀನಿ.”

ಅವನು ಫೋನ್ ಇಡಲಿಲ್ಲ. ಅವರೂ ಇಡಲಿಲ್ಲ.